ನಮಸ್ಕಾರ ಹೇಳಿದ ಮೇಲಿನ 20 ಸೆಕೆಂಡು

ಅಡುಗೆಯಾಗಲಿ, ಅಡಿಕೆ ತೋಟದ ರೋಗವಾಗಲಿ, ಎಸ್ಸೆಸ್ಸೆಲ್ಸಿ ಗಣಿತದ ಪಾಠವಾಗಲಿ, ಕನ್ನಡದ ಯೂಟ್ಯೂಬ್ ವಿಡಿಯೊಗಳಲ್ಲಿ ಬಹುಪಾಲು ಮುಗಿಯುವ ರೀತಿ ಒಂದೇ. ವಿಷಯ ತೀರಿದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಆಗಿ, ಪಕ್ಕದಲ್ಲಿರುವ ಬೆಲ್ ಐಕಾನ್ ಒತ್ತಿ, ಮತ್ತೊಂದು ವಿಡಿಯೊದಲ್ಲಿ ಸಿಗೋಣ, ನಮಸ್ಕಾರ. ಆಮೇಲೆ ಒಂದು ತುಣುಕು ಸಂಗೀತ, ಬಣ್ಣ ಬಳಿದ ಹಿನ್ನೆಲೆ, ಎರಡು ಚೌಕ, ಒಂದು ದುಂಡು. ಎಂಡ್ ಸ್ಕ್ರೀನ್ ಎಂದು ಕರೆಯುವ ಈ ಕೊನೆ ಪರದೆ ಬರುವ ಹೊತ್ತಿಗೆ ನೋಡುಗರ ಬೆರಳು ಬೇರೆಲ್ಲೋ ಹೋಗಿರುತ್ತದೆ. ಇದನ್ನು ಸರಿಪಡಿಸಲು ಜನ ಹೆಚ್ಚಾಗಿ ಬಣ್ಣ ಬದಲಿಸುತ್ತಾರೆ, ಬಾಣದ ಗುರುತು ಹಾಕುತ್ತಾರೆ, ಹೊಳೆಯುವ ಬಟನ್ ತರುತ್ತಾರೆ. ಆದರೆ ದೋಷ ಇರುವುದು ಬರವಣಿಗೆಯಲ್ಲಿ. ಮಾತು ಮುಗಿದುಹೋದ ಮೇಲೆ ಚಿತ್ರವೊಂದೇ ಯಾರನ್ನೂ ಹಿಡಿದು ನಿಲ್ಲಿಸಲಾರದು.

ಈ ಸೌಲಭ್ಯ ಹುಟ್ಟಿದ ಬಗೆಯನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2008ರಲ್ಲಿ ಯೂಟ್ಯೂಬ್ ಆನೊಟೇಶನ್ ಎಂಬ ಸಾಧನ ಕೊಟ್ಟಿತು. ವಿಡಿಯೊದ ಮೇಲೆ ಎಲ್ಲಿ ಬೇಕಾದರೂ ಚೀಟಿ ಅಂಟಿಸಿದಂತೆ ಬರಹ, ಕೊಂಡಿ ಹಾಕಬಹುದಿತ್ತು. ಆದರೆ ಅದು ಮೊಬೈಲಿನಲ್ಲಿ ಕೆಲಸ ಮಾಡುತ್ತಿರಲಿಲ್ಲ, ನೋಡುಗರೋ ಮೊಬೈಲಿಗೆ ವಲಸೆ ಹೋಗುತ್ತಿದ್ದರು. 2016ರಲ್ಲಿ ಎಂಡ್ ಸ್ಕ್ರೀನ್ ಬಂತು, 2017ರ ಮೇ ತಿಂಗಳಲ್ಲಿ ಹೊಸ ಆನೊಟೇಶನ್ ಹಾಕುವುದು ನಿಂತಿತು, 2019ರ ಜನವರಿಯಲ್ಲಿ ಹಳೆಯವೂ ಅಳಿಸಿಹೋದವು. ಹೊಸ ಏರ್ಪಾಡಿನ ನಿಯಮಗಳು ಬಿಗಿಯಾಗಿವೆ. ವಿಡಿಯೊ ಕನಿಷ್ಠ 25 ಸೆಕೆಂಡಿನದಾಗಿರಬೇಕು. ಕೊನೆಯ 5ರಿಂದ 20 ಸೆಕೆಂಡಿನೊಳಗೆ ಮಾತ್ರ ಇದನ್ನು ತೋರಿಸಬಹುದು. ಮಾಮೂಲಿ ಅಗಲದ ವಿಡಿಯೊದಲ್ಲಿ 4 ಅಂಶಗಳಿಗಿಂತ ಹೆಚ್ಚು ಇಡುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಆ 20 ಸೆಕೆಂಡು ವಿಡಿಯೊದ ಒಳಗೇ ಇದೆ. ಅದು ಹೊರಗಿನಿಂದ ಸೇರಿಸಿಕೊಟ್ಟ ಸಮಯವಲ್ಲ. ಹಾಗಿದ್ದೂ ನಮ್ಮವರು ಅದನ್ನು ಪುಸ್ತಕದ ಹಿಂಬದಿಯ ಜಾಹೀರಾತಿನಂತೆ ಬೇರೆಯಾಗಿ ಮಾಡಿ ತಂದು ಅಂಟಿಸುತ್ತಾರೆ.

ಎಷ್ಟು ಮಂದಿ ಎಲ್ಲಿಯವರೆಗೆ ನೋಡಿದರು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ಒಂದು ಗೆರೆಯಾಗಿ ತೋರಿಸುತ್ತದೆ. ಬೀಳ್ಕೊಡುಗೆಯ ಮಾತು ಶುರುವಾಗುವ ಕಡೆ ಆ ಗೆರೆ ಸಾಮಾನ್ಯವಾಗಿ ಕಡಿದಾಗಿ ಇಳಿಯುತ್ತದೆ. ಜನಕ್ಕೆ ತಾಳ್ಮೆಯಿಲ್ಲ ಎಂದು ಇದಕ್ಕೆ ಕಾರಣ ಹೇಳುವುದು ಸುಲಭ. ನನಗೆ ಕಾಣುವಂತೆ ಅವರು ನಿರೂಪಕರ ಮಾತನ್ನೇ ಪಾಲಿಸುತ್ತಿದ್ದಾರೆ: ಮುಗಿಯಿತು ಎಂದು ಹೇಳಿದ್ದಾಯಿತು, ಎದ್ದರು. ಕನ್ನಡದ ವಾರಪತ್ರಿಕೆಗಳಿಗೆ ಈ ಗುಟ್ಟು ಹಿಂದೆಯೇ ತಿಳಿದಿತ್ತು. ಧಾರಾವಾಹಿ ಕಾದಂಬರಿಯ ಕಂತಿನ ಕೊನೆಗೆ ‘ಸಶೇಷ’ ಎಂಬ ಒಂದೇ ಪದ ಇರುತ್ತಿತ್ತು. ಓದುಗರು ಮುಂದಿನ ವಾರ ಮತ್ತೆ ಬರುತ್ತಿದ್ದದ್ದು ಆ ಪದಕ್ಕಾಗಿ ಅಲ್ಲ, ಅದರ ಮೇಲಿನ ಸಾಲು ಬಿಟ್ಟುಹೋದ ಪ್ರಶ್ನೆಗಾಗಿ. ಎಂಡ್ ಸ್ಕ್ರೀನ್ ಕೂಡ ಅಂಥದೇ ‘ಸಶೇಷ’. ಮೇಲಿನ ಸಾಲು ಸರಿಯಿಲ್ಲದಿದ್ದರೆ ಅದಕ್ಕೆ ಬಲವಿಲ್ಲ. ದೋಸೆ ಹಿಟ್ಟು ಹದ ಮಾಡುವುದನ್ನು ತೋರಿಸಿದವರು ‘ಎರಡು ದಿನ ಕಳೆದು ಹಿಟ್ಟು ಹುಳಿ ಬಂದರೆ ಚೆಲ್ಲಬೇಡಿ, ಅದರಲ್ಲೇ ಪಡ್ಡು ಮಾಡುವುದು ಇಲ್ಲಿದೆ’ ಎಂದು ಹೇಳುತ್ತಿರುವಾಗಲೇ ಪಡ್ಡಿನ ವಿಡಿಯೊ ಪಕ್ಕದಲ್ಲಿ ಮೂಡಲಿ. ಪಹಣಿ ತೆಗೆಯುವುದನ್ನು ವಿವರಿಸಿದವರು, ಅದರಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿದ್ದರೆ ಏನು ಮಾಡಬೇಕು ಎಂದು ಕೇಳಿ, ಪೌತಿ ಖಾತೆಯ ವಿಡಿಯೊ ತೋರಿಸಲಿ. ನೋಡುಗರಿಗೆ ಇಲ್ಲಿ ಆಮಿಷವಿಲ್ಲ. ಅವರ ಕೆಲಸದ ಮುಂದಿನ ಹೆಜ್ಜೆಯಿದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹರಿಕಥೆಗೆ, ಯಕ್ಷಗಾನಕ್ಕೆ ಮಂಗಳವಿದೆ. ಹಳೆಯ ಸಿನಿಮಾಗಳಿಗೆ ‘ಶುಭಂ’ ಇತ್ತು. ಕೈಮುಗಿದು ಬೀಳ್ಕೊಡುವುದು ನಮ್ಮ ಮರ್ಯಾದೆ, ಅದನ್ನು ಕತ್ತರಿಸಿದರೆ ಒರಟುತನವಾಗುವುದಿಲ್ಲವೇ? ಆಕ್ಷೇಪ ಗೌರವಕ್ಕೆ ಅರ್ಹ. ಆದರೆ ಮಂಗಳ ಹಾಡುವ ಹೊತ್ತಿಗೆ ಸಭೆ ಎದುರಿಗೇ ಇರುತ್ತದೆ, ಅದು ಕಥೆ ಕೇಳಿದವರೂ ಹೇಳಿದವರೂ ಕೂಡಿ ಮುಗಿಸುವ ಕ್ರಿಯೆ. ವಿಡಿಯೊದ ಬೀಳ್ಕೊಡುಗೆಯಲ್ಲಿ ಆ ಕೂಡುವಿಕೆಯಿಲ್ಲ, ಲೈಕು, ಶೇರುಗಳ ಬೇಡಿಕೆ ಪಟ್ಟಿಯಿದೆ. ನಮಸ್ಕಾರಕ್ಕೆ ಒಂದು ಸೆಕೆಂಡು ಸಾಕು, ಅದನ್ನು ಮುಂದಿನ ವಿಡಿಯೊ ತೋರಿಸಿದ ಮೇಲೆ ಹೇಳಿದರೂ ನಡೆಯುತ್ತದೆ. ಹೋಗಬೇಕಾಗಿರುವುದು ಆ ಪಟ್ಟಿ.

ಇನ್ನು ಪರದೆಯ ಜೋಡಣೆ. ನಾಲ್ಕು ಅಂಶಗಳಿಗೆ ಅವಕಾಶವಿದೆ ಎಂದು ನಾಲ್ಕನ್ನೂ ತುಂಬಿಸುವುದು ದೊಡ್ಡ ತಪ್ಪು. ಅಂಗೈಯಗಲದ ಮೊಬೈಲಿನಲ್ಲಿ ನಾಲ್ಕು ಪುಟ್ಟ ಚಿತ್ರ, ಅವುಗಳ ಮೇಲೆ ಒತ್ತಕ್ಷರಗಳು ಒಂದರೊಳಗೊಂದು ಕರಗಿದ ಶೀರ್ಷಿಕೆ. ಆರಿಸಿಕೊಳ್ಳುವುದಕ್ಕೆ ಮೊದಲೇ ಸಮಯ ತೀರುತ್ತದೆ. ಒಂದು ವಿಡಿಯೊ, ಒಂದು ಸಬ್‌ಸ್ಕ್ರೈಬ್ ದುಂಡು, ಇಷ್ಟು ಸಾಕು. ವಿಡಿಯೊ ಆರಿಸುವ ಕೆಲಸವನ್ನು ಯೂಟ್ಯೂಬಿಗೇ ಬಿಡಬಹುದಲ್ಲ, ನೋಡುಗರಿಗೆ ಹೊಂದುವಂಥದ್ದನ್ನು ಅದೇ ತೋರಿಸುತ್ತದಲ್ಲ ಎನ್ನುವವರಿದ್ದಾರೆ. ಎರಡನೆಯ ಆಯ್ಕೆಯಾಗಿ ಅದು ಸರಿಯೇ. ಮೊದಲನೆಯದಾಗಿ ಬೇಡ, ಏಕೆಂದರೆ ಯಾವುದು ಮೂಡುತ್ತದೆಂದು ಗೊತ್ತಿಲ್ಲದ ವಿಡಿಯೊ ಬಗ್ಗೆ ನಿರೂಪಕರು ಮಾತಾಡಲಾರರು, ಬಾಯಿಮಾತು ಮತ್ತು ಚಿತ್ರದ ನಂಟು ಅಲ್ಲೇ ಕಡಿದುಹೋಗುತ್ತದೆ. ಸಿದ್ಧ ಟೆಂಪ್ಲೇಟುಗಳ ಹಾವಳಿಯೂ ಬೇಸರ ತರಿಸುವಂಥದ್ದು: ಇಡೀ ವಿಡಿಯೊ ಅಚ್ಚ ಹಳ್ಳಿಗನ್ನಡದಲ್ಲಿ ನಡೆದು, ಕೊನೆಗೆ ‘ವಾಚ್ ನೆಕ್ಸ್ಟ್’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬೋರ್ಡು. ‘ಉಳಿದ ಹಿಟ್ಟಿನ ಪಡ್ಡು’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದರೆ ಓದದೇ ಇರಲು ಯಾರಿಗೆ ಸಾಧ್ಯ? ಎಲ್ಲಕ್ಕಿಂತ ನೋವಾಗುವುದು ಕಲೆಯ ವಿಡಿಯೊಗಳಲ್ಲಿ. ವೇಷಧಾರಿಯ ಕೊನೆಯ ಕುಣಿತದ ಮೇಲೆ, ಗಾಯಕರು ತಂಬೂರಿಯ ಶ್ರುತಿಯಲ್ಲಿ ಲೀನವಾಗುವ ಗಳಿಗೆಯ ಮೇಲೆ ಚೌಕಗಳು ಬಂದು ಕೂರುತ್ತವೆ. ಅಂಥಲ್ಲಿ ಪ್ರದರ್ಶನ ಪೂರ್ತಿ ಮುಗಿಯಲಿ, ಆಮೇಲೆ 10 ಸೆಕೆಂಡಿನ ನಿಶ್ಚಲ ದೃಶ್ಯವೊಂದನ್ನು ಸೇರಿಸಿ ಅದರ ಮೇಲೆ ಹಾಕಲಿ. ಕಲೆಗೆ ಕೊಡಬೇಕಾದ ಕನಿಷ್ಠ ಗೌರವ ಅದು.

ಕಡೆಯ ಆಕ್ಷೇಪ ನೀತಿಯದು. 2012ರಿಂದ ಯೂಟ್ಯೂಬ್ ಎಷ್ಟು ಮಂದಿ ಕ್ಲಿಕ್ ಮಾಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿದೆ. ಜನರನ್ನು ಪರದೆಗೆ ಕಟ್ಟಿಹಾಕುವ ಆ ಲೆಕ್ಕಾಚಾರಕ್ಕೆ ನಾವೂ ಕೈಜೋಡಿಸಬೇಕೇ? ಈ ಅಳುಕು ಸುಳ್ಳಲ್ಲ. ಮಕ್ಕಳಿಗೆಂದು ಗುರುತಿಸಿದ ವಿಡಿಯೊಗಳಲ್ಲಿ ಎಂಡ್ ಸ್ಕ್ರೀನ್ ಹಾಕಲು ಅನುಮತಿಯೇ ಇಲ್ಲ ಎಂಬುದು ಇದಕ್ಕೊಂದು ಒಪ್ಪಿಗೆಯಂತಿದೆ. ಆದರೆ ಕೊನೆ ಪರದೆ ಖಾಲಿ ಬಿಟ್ಟರೆ ನೋಡುಗರು ಮೊಬೈಲ್ ಕೆಳಗಿಡುತ್ತಾರೆ ಎಂಬ ಖಾತ್ರಿಯಿಲ್ಲ. ಆಟೊಪ್ಲೇ ಚಾಲೂ ಇದ್ದರೆ ಯಂತ್ರ ತನಗೆ ತೋಚಿದ್ದನ್ನು ಹಾಕುತ್ತದೆ. ಆ ಜಾಗದಲ್ಲಿ, ವಿಷಯ ತಿಳಿದ ಒಬ್ಬ ಮನುಷ್ಯ ಇದಾದ ಮೇಲೆ ಇದನ್ನು ನೋಡಿ ಎಂದು ಕಾರಣ ಸಮೇತ ಹೇಳುವುದು ಎಷ್ಟೋ ಮೇಲು. ಆ ಕಾರಣ ನಿಜವಾಗಿರಬೇಕು ಅಷ್ಟೇ. ಉತ್ತರವನ್ನು ಬೇಕೆಂದೇ ಬಚ್ಚಿಟ್ಟು ಇನ್ನೊಂದು ವಿಡಿಯೊಗೆ ಓಡಿಸುವವರು ನೋಡುಗರಿಗೆ ಮೋಸ ಮಾಡುತ್ತಾರೆ. ಕೊಟ್ಟ ಮಾತಿನಂತೆ ಈ ವಿಡಿಯೊದ ಪ್ರಶ್ನೆಗೆ ಇಲ್ಲೇ ಉತ್ತರ ಸಿಗಬೇಕು, ಮುಂದಿನದು ಹೊಸ ಪ್ರಶ್ನೆಯಾಗಿರಬೇಕು.

ಆದ್ದರಿಂದ ವಿಡಿಯೊ ಮಾಡುವವರಲ್ಲಿ ಒಂದು ಕೋರಿಕೆ. ಕ್ಯಾಮೆರಾ ಚಾಲೂ ಮಾಡುವ ಮೊದಲೇ ಕೊನೆಯ ಎರಡು ವಾಕ್ಯ ಬರೆದಿಟ್ಟುಕೊಳ್ಳಿ. ಇದನ್ನು ನೋಡಿದವರನ್ನು ಎಲ್ಲಿಗೆ ಕಳಿಸಬೇಕೆಂದು ನಿಮಗೇ ಹೊಳೆಯದಿದ್ದರೆ, ಆ ವಿಡಿಯೊಗೆ ಎಂಡ್ ಸ್ಕ್ರೀನ್ ಹಾಕಬೇಡಿ.