ಪಿಯಾನೋಗೆ ಮೊದಲು ತಕಿಟ

ಈ ವಾರ ಬಿಲ್ಲಿ ಟೇಲರ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಜಾಝ್ ಕ್ಲಬ್ಬಿನ ಆಸ್ಥಾನ ಪಿಯಾನೋ ವಾದಕ, ಡಾಕ್ಟರೇಟ್ ಪಡೆದ ಮೇಷ್ಟ್ರು, 1964ರಲ್ಲಿ ಹಾರ್ಲೆಮ್‌ನಲ್ಲಿ ಜಾಝ್‌ಮೊಬೈಲ್ ಕಟ್ಟಿದವರಲ್ಲೊಬ್ಬ. ಕ್ಲಬ್ಬಿನ ಬಾಗಿಲು ದಾಟಲಾಗದವರ ಬೀದಿಗೇ ಬ್ಯಾಂಡನ್ನು ಗಾಡಿ ಹತ್ತಿಸಿ ಕರೆದೊಯ್ದ ಪುಣ್ಯಾತ್ಮ. ಅಷ್ಟರಲ್ಲಿ ಆರ್.ಟಿ. ನಗರದ ಓದುಗರೊಬ್ಬರು ಕೇಳಿದರು: 'ಮಗಳು ಪಿಯಾನೋ ಐದನೇ ಗ್ರೇಡ್ ಮುಗಿಸಿದ್ದಾಳೆ. ಜಾಝಿನ ಸ್ವಿಂಗ್ ನಡೆ ಮಾತ್ರ ಯಾಕೆ ಬರ್ತಿಲ್ಲ ಸಾರ್?' ಟೇಲರ್ ಸಾಹೇಬರು ಇನ್ನೊಂದು ವಾರ ಕಾಯಲಿ.

ಗ್ರೇಡ್‌ವಾದಿಗಳ ಜತೆ ನನ್ನ ಜಗಳ ಹಳೆಯದೆಂದು ಈ ಅಂಕಣದ ಓದುಗರಿಗೆ ಗೊತ್ತು. ಪರೀಕ್ಷೆಯೇ ಬೇಡವೆನ್ನುವುದಿಲ್ಲ, ಬೆರಳು ಪಳಗುತ್ತದೆ, ನೊಟೇಶನ್ ಓದಲು ಬರುತ್ತದೆ. ಅರುಣಾ ಸುಂದರ್‌ಲಾಲ್ 1987ರಲ್ಲಿ ಶುರುಮಾಡಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರ್.ಟಿ. ನಗರದಲ್ಲೇ ಇದೆ; ಪಾಶ್ಚಾತ್ಯ ಸಂಗೀತಕ್ಕೆ ಉತ್ತರ ಬೆಂಗಳೂರಿನಲ್ಲೊಂದು ವಿಳಾಸ ಸಿಕ್ಕಿದ್ದು ಸಣ್ಣ ಮಾತಲ್ಲ. ನನ್ನ ತಕರಾರು ಮನೆಯವರ ಮೇಲೆ. ವರ್ಷವಿಡೀ ಮೂರೇ ಪೀಸ್ ಉರುಹೊಡೆಸಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದರೆ ಸ್ವಿಂಗ್ ಎಲ್ಲಿಂದ ಬರಬೇಕು?

ಅದು ಬರುವುದು ಬಾಯಿಂದ. ಪಿಯಾನೋ ಮುಚ್ಚಿಡಿ. ಕೈಯಲ್ಲಿ ತಾಳ ಹಾಕುತ್ತಾ ಒಂದೊಂದು ಏಟಿಗೂ 'ತಕಿಟ' ಹೇಳಿ. ಇನ್ನು 'ಕಿ'ಯನ್ನು ನುಂಗಿಬಿಡಿ: ತಾ...ಟ, ತಾ...ಟ. ಮೊದಲಿನದು ಉದ್ದ, ಎರಡನೆಯದು ಗಿಡ್ಡ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ಸುಸ್ತಾಗುವ ಸ್ವಿಂಗ್ ಮೂಲತಃ ಏಟಿಗೆ ಮೂರಕ್ಷರದ ನಮ್ಮ ತಿಶ್ರ ನಡೆ. ಆಮೇಲೆ ಆ 'ಟ'ವನ್ನು ಕೊಂಚ ಒತ್ತಿ ಹೇಳಿ, ನಡಿಗೆ ತಾನಾಗಿ ಕುಣಿಯುತ್ತದೆ.

ಈ ವಿದ್ಯೆಯನ್ನು ಜಗತ್ತಿಗೆ ಕೇಳಿಸಿದವರು ನಮ್ಮೂರಿನವರೇ. ಜಾಝ್‌ಮೊಬೈಲ್ ಹುಟ್ಟಿದ ಅದೇ 1964ರಲ್ಲಿ ಮೃದಂಗ ವಾದಕ ಟಿ.ಎ.ಎಸ್. ಮಣಿ ಇಲ್ಲೇ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅವರ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲಿ ಇಸಿಎಂ ರೆಕಾರ್ಡ್ ಕಂಪನಿಗೆ ಮಾಡಿದ 'ಜ್ಯೋತಿ' ಆಲ್ಬಂ ನನ್ನ ಪಾಲಿಗೆ ಪಠ್ಯಪುಸ್ತಕ. ಮರಿಯಾನೊ ಸಾಮಾನ್ಯನಲ್ಲ, ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದವನು, ದಕ್ಷಿಣ ಭಾರತಕ್ಕೆ ಬಂದು ನಾದಸ್ವರ ಕಲಿತವನು. ಮಣಿ ತಂಡದ ಗಾಯಕಿ ಆರ್.ಎ. ರಮಾಮಣಿಯವರ ದನಿಯೆದುರು ಅವನು ಎಷ್ಟು ಸಲ ಸುಮ್ಮನಿರುತ್ತಾನೆ ಕೇಳಿ. ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕೋಲು ಶುರುವಾದಾಗ ಡ್ರಮ್‌ಸೆಟ್ ನೆನಪಿಗೂ ಬರುವುದಿಲ್ಲ. ಇನ್ನೊಂದು ವಿಷಯ: ಆ ಆಲ್ಬಂನಲ್ಲಿ ಪಿಯಾನೋನೇ ಇಲ್ಲ, ಆಧಾರಕ್ಕೆ ತಂಬೂರಿ. ರಾಗದ ಕೆಳಗೆ ದಪ್ಪ ದಪ್ಪ ಕಾರ್ಡ್ ಸುರಿದು ಫ್ಯೂಷನ್ ಎನ್ನುವ ನಮ್ಮ ಹೋಟೆಲ್ ಬ್ಯಾಂಡುಗಳಿಗೆ ಇದನ್ನು ದಿನಾ ಕೇಳಿಸಬೇಕು.

ಮಣಿಯವರು 2020ರಲ್ಲಿ ತೀರಿಕೊಂಡರು; ಅವರ ವಿದ್ಯೆ ಮುಂದುವರಿಯಬೇಕಲ್ಲ. ಜಾಝ್ ಕಲಿಸುವ ಪಿಯಾನೋ ಮೇಷ್ಟ್ರುಗಳು ವಾರಕ್ಕೊಂದು ಗಂಟೆ, ಪಿಯಾನೋ ಕೊಳ್ಳಲಾಗದ ಮನೆಯ ಮಕ್ಕಳನ್ನೂ ಕೂರಿಸಿಕೊಂಡು ತಕಿಟ ಹೇಳಿಸಬಾರದೇಕೆ? ಯಲಹಂಕದ ಯಾವ ಸರ್ಕಾರಿ ಶಾಲೆಯ ಜಗಲಿಯಾದರೂ ಸಾಕು. ಒಂದು ಎಚ್ಚರಿಕೆ ಇರಲಿ: ವೇಗ ಏರಿದಂತೆ ಆ ಉದ್ದ-ಗಿಡ್ಡದ ಅಂತರ ಕರಗಿ ಎರಡೂ ಸಮಸಮ ಆಗುತ್ತವೆ. ಹಾಗಾಗಿ ಮೆಟ್ರೊನೋಮ್ ನಿಧಾನಕ್ಕಿಟ್ಟೇ ಶುರುಮಾಡಿ.