ಜೊಂಡು ಉಲಿಯಕ್ಕಿಗೆ ಫೋಟೊ ಸಾಲದು

ಈ ವಾರ ಗದ್ದೆ ಉಲಿಯಕ್ಕಿಯ ಹುಬ್ಬಿನ ಪಟ್ಟಿಯ ಬಗ್ಗೆ ಬರೆಯುವೆನೆಂದಿದ್ದೆ. ಅದು ಇನ್ನೊಮ್ಮೆ. ಕೆರೆಯ ಜೊಂಡಿನೊಳಗಿಂದ ಬಂದ ಉಲಿಯಕ್ಕಿಯ ‘ಚಕ್’ ದನಿಯನ್ನು ಟಿಪ್ಪಣಿ ಮಾಡಿಕೊಂಡ ಹುಡುಗಿಯೊಬ್ಬಳಿಗೆ, ‘ಫೋಟೊ ಇಲ್ಲದ್ದು ದಾಖಲೆಯೇ ಅಲ್ಲ’ ಎಂದು ಹಿರಿಯರೊಬ್ಬರು ಹೇಳಿದರಂತೆ. ಅದನ್ನು ಕೇಳಿದ ಮೇಲೆ ಬೇರೆ ವಿಷಯಕ್ಕೆ ಮನಸ್ಸೇ ಹೋಗುತ್ತಿಲ್ಲ.

ಉದ್ದ ಲೆನ್ಸಿನ ಈ ಪಂಥದೊಂದಿಗೆ ನನ್ನ ತಕರಾರು ಹಳೆಯದು. ಮಿಂಚುಳ್ಳಿಗೆ ಫೋಟೊ ಸಾಕು, ನವರಂಗಕ್ಕೂ ಸಾಕು. ಆದರೆ ಜೊಂಡು ಉಲಿಯಕ್ಕಿಗಳ ಕುಲದಲ್ಲಿ ಬಹುಪಾಲು ಎಲ್ಲವೂ ಮಾಸಲು ಕಂದು. ಬಿಸಿಲಿಗೊಂದು ಛಾಯೆ, ಮೋಡಕ್ಕೊಂದು ಛಾಯೆ. ಗುರುತು ಇರುವುದು ದನಿಯಲ್ಲಿ, ಕೊಕ್ಕಿನ ಉದ್ದದಲ್ಲಿ, ರೆಕ್ಕೆಗರಿಗಳ ಅಳತೆಯಲ್ಲಿ.

ಹ್ಯೂಮ್‌ನ ಹಕ್ಕಿಯನ್ನೇ ನೋಡಿ. ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಎ.ಒ. ಹ್ಯೂಮ್, 1867ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ಉದ್ದ ಕೊಕ್ಕಿನ ಒಂದು ಉಲಿಯಕ್ಕಿಯನ್ನು ಸಂಗ್ರಹಿಸಿದ. ಅಂಥದ್ದು ಮತ್ತೊಂದು ಸಿಕ್ಕಿದ್ದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಬೇರೆ ಯಾವುದೋ ಜಾತಿಯ ವಿಚಿತ್ರ ಹಕ್ಕಿಯಿರಬೇಕು ಎಂದವರೂ ಇದ್ದರು. ಅದು ಸ್ವತಂತ್ರ ಪ್ರಭೇದವೆಂದು ಡಿಎನ್‌ಎ ತೋರಿಸಿದ್ದು 2002ರಲ್ಲಿ. 2006ರ ಮಾರ್ಚ್ 27ರಂದು ಥಾಯ್ಲೆಂಡಿನಲ್ಲಿ ಪಕ್ಷಿತಜ್ಞ ಫಿಲಿಪ್ ರೌಂಡ್ ಅವರ ಬಲೆಗೆ ಜೀವಂತ ಹಕ್ಕಿಯೊಂದು ಬಿತ್ತು. ಅವರು ಕೊಕ್ಕು, ರೆಕ್ಕೆ ಅಳೆದರು, ಹ್ಯೂಮ್‌ನ ಹಕ್ಕಿಯೇ ಇರಬಹುದೆಂಬ ಅನುಮಾನ ಹುಟ್ಟಿತು, ಗರಿಗಳ ಡಿಎನ್‌ಎ ಅದನ್ನು ದೃಢಪಡಿಸಿತು. ಅನಂತರ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಲ್ಲಿ, ಅದೇ ಕುಲದ ಬ್ಲೈತ್ ಉಲಿಯಕ್ಕಿಗಳ ನಡುವೆ ಇನ್ನೊಂದು ಹಳೆಯ ಮಾದರಿ ಸಿಕ್ಕಿತು. 1869ರಲ್ಲಿ ಭಾರತದಲ್ಲೇ ಹಿಡಿದದ್ದು! ಅಷ್ಟು ಕಾಲವೂ ಕಣ್ಣೆದುರೇ ಇತ್ತು.

ನನಗೆ ಇದಕ್ಕಿಂತ ಇಷ್ಟವಾದ ಭಾಗ ಆಫ್ಘಾನಿಸ್ತಾನದ್ದು. 2008ರಲ್ಲಿ ವಖಾನ್ ಕಣಿವೆಯ ನದಿದಂಡೆಯ ಪೊದೆಗಳಲ್ಲಿ ಸಂಶೋಧಕ ರಾಬರ್ಟ್ ಟಿಮಿನ್ಸ್ ಒಂದು ಹಾಡು ಕೇಳಿ ಮುದ್ರಿಸಿಕೊಂಡರು. ಬ್ಲೈತ್ ಉಲಿಯಕ್ಕಿಯೆಂದೇ ಮೊದಲು ಭಾವಿಸಿದ್ದರು. ಟ್ರಿಂಗ್‌ನ ಮಾದರಿಗಳನ್ನು ನೋಡಿದ ಮೇಲೆ ಸಂಶಯ ಬಂತು. ಮರುವರ್ಷ ಅದೇ ಮುದ್ರಿತ ಹಾಡನ್ನು ಕೇಳಿಸಿದಾಗ ಹಕ್ಕಿಗಳು ಪೊದೆಯಿಂದ ಹೊರಬಂದವು. ಹತ್ತಿರ ಹತ್ತಿರ 20 ಬಲೆಗೆ ಬಿದ್ದವು. ಹ್ಯೂಮ್‌ನ ಹಕ್ಕಿ ಮರಿಮಾಡುವ ನೆಲೆ ಹೀಗೆ ಪತ್ತೆಯಾಯಿತು. ದಾರಿ ತೋರಿದ್ದು ದನಿ.

ಬ್ಲೈತ್ ಉಲಿಯಕ್ಕಿಗಳು ಚಳಿಗಾಲವಿಡೀ ನಮ್ಮ ಪೊದೆಗಳಲ್ಲೂ ಇರುತ್ತವೆ. ಕೈಯಲ್ಲಿರುವ ಮೊಬೈಲಿನಲ್ಲೇ ಅವುಗಳ ದನಿ ಮುದ್ರಿಸಿ. ಜೊತೆಗೆ ತಾರೀಖು, ಹೊತ್ತು, ಜಾಗ, ಜೊಂಡಿನಲ್ಲಿತ್ತೋ ಲಂಟಾನದಲ್ಲಿತ್ತೋ, ಎಲ್ಲವನ್ನೂ ಬರೆದಿಡಿ. ಫೋಟೊ ಸಿಕ್ಕರೆ ಅದನ್ನೂ ಸೇರಿಸಿ.