ಹಣ್ಣಿನ ಸಿಪ್ಪೆ ಎರೆಮಣ್ಣಿಗೇ ಸೇರಲಿ

ಕಲಬುರಗಿ ಜಿಲ್ಲೆಯ ಕುರಕುಂಟಾದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದು ಇಲ್ಲಿನ ಸುಣ್ಣದ ಕಲ್ಲನ್ನು ನಂಬಿ. ಸೇಡಂ, ವಾಡಿ, ಶಹಾಬಾದ್ ಸುತ್ತ ನೆಲದಡಿ ಅದೇ ಕಲ್ಲು. ಮೇಲಿನ ಎರೆಮಣ್ಣಿನಲ್ಲೂ ಅದೇ ಸುಣ್ಣ. ಹಿತ್ತಲಲ್ಲಿ ಲಿಂಬೆ ಗಿಡ ಹಚ್ಚಿದವರು ಇದನ್ನು ಕಂಡೇ ಇರುತ್ತಾರೆ: ಎಳೆ ಎಲೆ ಹಳದಿಗಟ್ಟುತ್ತದೆ, ನರಗಳಷ್ಟೇ ಹಸಿರು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಅದು ಬೇರಿಗೆ ದಕ್ಕುವುದಿಲ್ಲ.

ಇಂಥ ಗಿಡಕ್ಕೆ ಬಾಳೆಸಿಪ್ಪೆ ನೆನೆಸಿದ ನೀರು ಹಾಕಿ ಎಂದು ಸಲಹೆ ಕೊಡುವವರು ಬಹಳ. ಅದರಲ್ಲಿ ಪೊಟ್ಯಾಷ್ ಇದೆ, ನಿಜ. ಆದರೆ ನಮ್ಮ ಕಪ್ಪುಮಣ್ಣಿಗೆ ಸಾಮಾನ್ಯವಾಗಿ ಪೊಟ್ಯಾಷ್ ಕೊರತೆಯಿಲ್ಲ. ಕೊರತೆ ಸಾವಯವ ಇಂಗಾಲದ್ದು. ಅದು ಶೇ 0.5ಕ್ಕಿಂತ ಕೆಳಗಿದ್ದರೆ ಮಣ್ಣು ಪರೀಕ್ಷೆಯವರು ‘ಕಡಿಮೆ’ ಎಂದು ಬರೆಯುತ್ತಾರೆ. ನೀರು ಬಸಿದುಕೊಂಡು ಸಿಪ್ಪೆ ಎಸೆದರೆ, ಮಣ್ಣಿಗೆ ಬೇಕಾದದ್ದನ್ನೇ ಎಸೆದ ಹಾಗೆ. ಸಿಪ್ಪೆಯ ಸಕ್ಕರೆ, ನಾರು ಸೂಕ್ಷ್ಮಜೀವಿಗಳ ಊಟ. ಅವು ಉಂಡು ಬಿಡುವ ಆಮ್ಲಗಳು ಬೇರಿನ ಸುತ್ತ ಸುಣ್ಣದ ಬಿಗಿಯನ್ನು ತುಸು ಸಡಿಲಿಸುತ್ತವೆ. ಅವುಗಳ ಅಂಟಿನಿಂದ ಮಣ್ಣು ಹರಳುಗಟ್ಟುತ್ತದೆ.

ಹಸಿ ಸಿಪ್ಪೆಯನ್ನು ಹಾಗೇ ಸುರಿದರೆ ಮಾತ್ರ ಕೊಳೆತು ನಾರುತ್ತದೆ. ಕಲ್ಲಂಗಡಿ ಸಿಪ್ಪೆಯಲ್ಲಿ ಬಹುಪಾಲು ನೀರೇ. ನಮ್ಮಲ್ಲಿ ಅದಕ್ಕೆ ಜೋಡಿ ಸಿದ್ಧವಿದೆ: ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಹೊಟ್ಟು, ಉದುರಿದ ಎಲೆ. ನಾಲ್ಕು ಫರ್ಸಿ ನಿಲ್ಲಿಸಿ, ತಳಕ್ಕೆ ಕಲ್ಲು ಹಾಸದೆ, ಒಂದು ಪದರ ಸಿಪ್ಪೆಗೆ ಎರಡು ಪದರ ಹೊಟ್ಟು, ಮೇಲೊಂದು ಹಿಡಿ ಹೊಲದ ಮಣ್ಣು, ಸಗಣಿ ನೀರು. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸೋರಬಾರದು. ಒಳಗೆ ಕೈಯಿಟ್ಟರೆ ಕಾವು ತಾಗುತ್ತದೆ. ವಾರಕ್ಕೊಮ್ಮೆ ತಿರುವಿದರೆ ಎರಡು–ಮೂರು ತಿಂಗಳಲ್ಲಿ ಮೊದಲ ಮಳೆಯ ವಾಸನೆ ಬರುತ್ತದೆ. ಆ ವಾಸನೆ ಸ್ಟ್ರೆಪ್ಟೊಮೈಸಿಸ್ ಎಂಬ ಜೀವಾಣುಗಳದ್ದು. ಗೊಬ್ಬರ ಹದಕ್ಕೆ ಬಂತೆನ್ನಲು ನನಗೆ ಅದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಎರಡು ಎಚ್ಚರಿಕೆ ಹೇಳಲೇಬೇಕು. ಸೀತಾಫಲದ ಬೀಜ ಕೀಟಗಳಿಗೆ ವಿಷ, ಆರಿಸಿ ತೆಗೆಯಿರಿ. ಮೋಸಂಬಿ, ಕಿತ್ತಳೆ ಸಿಪ್ಪೆಯ ಎಣ್ಣೆ ಎರೆಹುಳುವಿಗೆ ಆಗದು. ಕತ್ತರಿಸಿ, ಒಣಗಿಸಿ, ಸ್ವಲ್ಪವೇ ಹಾಕಿ.

ಆದರೂ ಕಾಲಾವಕಾಶ ಕೊಟ್ಟರೆ ಕಿತ್ತಳೆ ಸಿಪ್ಪೆಯೂ ಕಾಡು ಬೆಳೆಸಬಲ್ಲದು. 1990ರ ದಶಕದ ಕೊನೆಯಲ್ಲಿ ಕೋಸ್ಟರಿಕಾದ ಗ್ವಾನಕಾಸ್ತೆಯಲ್ಲಿ, ಜೀವವಿಜ್ಞಾನಿಗಳಾದ ಡೇನಿಯಲ್ ಜಾನ್ಸೆನ್ ಮತ್ತು ವಿನ್ನಿ ಹಾಲ್‌ವಾಕ್ಸ್ ಅವರ ಸಲಹೆಯಂತೆ, ಹಣ್ಣಿನ ರಸದ ಕಂಪನಿಯೊಂದು 12,000 ಟನ್ ಸಿಪ್ಪೆ, ತಿರುಳನ್ನು 3 ಹೆಕ್ಟೇರ್ ಬರಡು ಹುಲ್ಲುಗಾವಲಿಗೆ ಸುರಿಯಿತು. 16 ವರ್ಷದ ನಂತರ ಅಳೆದಾಗ ಪಕ್ಕದ ನೆಲಕ್ಕಿಂತ ಅಲ್ಲಿನ ಮರಗಿಡಗಳ ಜೀವರಾಶಿ ಶೇ 176ರಷ್ಟು ಹೆಚ್ಚಿತ್ತು, ಮಣ್ಣೂ ಫಲವತ್ತಾಗಿತ್ತು.

ನಮಗೆ ಅಷ್ಟು ಲಾರಿ ಬೇಡ. ಬೇಸಿಗೆಯಲ್ಲಿ ಕಲ್ಲಂಗಡಿ ಬಂಡಿಯವರ ಬಳಿ, ಜ್ಯೂಸ್ ಅಂಗಡಿಯಲ್ಲಿ ದಿನಾ ಸಂಜೆ ಚೀಲಗಟ್ಟಲೆ ಸಿಪ್ಪೆ ಬಿದ್ದಿರುತ್ತದೆ. ಕೇಳಿ ತನ್ನಿ. ಏಪ್ರಿಲ್ ಮೊದಲ ವಾರದೊಳಗೆ ಫರ್ಸಿ ತೊಟ್ಟಿ ತುಂಬಿದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧವಿರುತ್ತದೆ. ಮೊದಲ ಬುಟ್ಟಿ ಆ ಹಳದಿಗಟ್ಟಿದ ಲಿಂಬೆಯ ಬುಡಕ್ಕೇ ಹಾಕಿ.